ಆಮೇಲೆ ಹೇಳು, ಪುಟ್ಟಾ

ಬೆಳಗಿನ ಬೆಲ್ಲಿಗೆ ಇನ್ನೂ ಆರೇಳು ನಿಮಿಷ ಇತ್ತು. ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಹಿಂದಿನ ರಾತ್ರಿ ತಿದ್ದಿದ ಹದಿನೆಂಟು ನೋಟ್‌ಬುಕ್ಕು. ತಿದ್ದದೆ ಉಳಿದ ಹದಿನಾರು ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತಾ ತರಗತಿಯ ಬಾಗಿಲಿಗೆ ಬಂದರೆ ಅಲ್ಲಿ ಒಬ್ಬಳು ಆಗಲೇ ನಿಂತಿದ್ದಳು. ಅವಳಿಗಿಂತ ಅಗಲವಾದ ನೀಲಿ ಬ್ಯಾಗು ಇನ್ನೂ ಬೆನ್ನ ಮೇಲೇ ಇತ್ತು.

"ಟೀಚರ್, ನಿಮಗೊಂದು ವಿಷ್ಯ ಹೇಳ್ಬೇಕು."

"ಆಮೇಲೆ ಹೇಳು ಪುಟ್ಟಾ. ಮೊದ್ಲು ಬ್ಯಾಗ್ ಇಟ್ಟು ಬಾ."

ಹೋದಳು, ಬ್ಯಾಗ್ ಇಟ್ಟಳು. ವಾಪಸ್ ಬರುವಷ್ಟರಲ್ಲಿ ನನ್ನ ಸುತ್ತ ನಾಲ್ಕು ಜನ ಸೇರಿದ್ದರು. ಒಬ್ಬನ ನೀರಿನ ಬಾಟಲಿ ಸೋರಿ ಪುಸ್ತಕವೆಲ್ಲ ಒದ್ದೆ. ಒಬ್ಬಳಿಗೆ ಹಲ್ಲು ಅಲ್ಲಾಡುತ್ತಿದೆ, ನಾನು ಮುಟ್ಟಿ ನೋಡಲೇಬೇಕು. ಇನ್ನೊಬ್ಬ ಹೋಂವರ್ಕ್ ಮಾಡಿದ್ದಾನೆ, ಆದರೆ ಮನೆಯಲ್ಲೇ ಮರೆತಿದ್ದಾನೆ. ನಾಲ್ಕನೆಯವನಿಗೆ ಹೇಳುವುದೇನೂ ಇಲ್ಲ. ಎಲ್ಲರೂ ನಿಂತಿದ್ದಾರಲ್ಲ ಎಂದು ಅವನೂ ಬಂದು ನಿಂತಿದ್ದಾನೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಡೈರಿಯ ಕೊನೆಯ ಪುಟ ತೆಗೆದು ಒಂದು ಗೆರೆ ಎಳೆದೆ.

ಆ ಗೆರೆಗೆ ಹಿಂದಿನ ದಿನದ ಕಥೆಯೊಂದಿದೆ. ಆಟದ ಪೀರಿಯಡ್ಡಿನಲ್ಲಿ ಮೈದಾನದ ಮೂಲೆಯಲ್ಲಿ ಐದಾರು ಮಕ್ಕಳು 'ಟೀಚರ್ ಟೀಚರ್' ಆಟ ಆಡುತ್ತಿದ್ದರು. ಟೀಚರ್ ಆದವಳು ಕೈಯಲ್ಲಿ ಸ್ಕೇಲು ಹಿಡಿದು, ಇಲ್ಲದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದಳು. ಕನ್ನಡಕ ನನ್ನದೇ. ಪಾಠ ಗೀಠ ಏನೂ ಇಲ್ಲ. ಎದುರಿಗೆ ಬಂದ ಒಬ್ಬೊಬ್ಬರಿಗೂ ಮುಖ ಕೂಡ ನೋಡದೆ "ಆಮೇಲೆ", "ಆಮೇಲೆ", "ಹೋಗಿ ಕೂತ್ಕೋ, ಆಮೇಲೆ". ಇಷ್ಟೇ ಆಟ. ಉಳಿದವರು ಖುಷಿಯಿಂದ ಹೋಗಿ ಕೂತು, ಮತ್ತೆ ಎದ್ದು ಬಂದು ಅದನ್ನೇ ಕೇಳಿಸಿಕೊಳ್ಳುತ್ತಿದ್ದರು. ಮೊದಲು ನಗು ಬಂತು. ಸ್ಟಾಫ್ ರೂಮಿಗೆ ಬಂದು ಹೇಳಿ ಎಲ್ಲರನ್ನೂ ನಗಿಸಿದೆ. ರಾತ್ರಿ ನೋಟ್‌ಬುಕ್ ತಿದ್ದುವಾಗ ಮಾತ್ರ ಅದು ಅಷ್ಟು ತಮಾಷೆಯಾಗಿ ಕಾಣಲಿಲ್ಲ. ಮಕ್ಕಳು ಅಣಕಿಸುವಾಗ ಸುಳ್ಳು ಸೇರಿಸುವುದಿಲ್ಲ, ಮುಖ್ಯವಾದದ್ದನ್ನಷ್ಟೇ ಎತ್ತಿಕೊಳ್ಳುತ್ತಾರೆ. ಸರಿ, ನಾಳೆ ಒಂದು ದಿನ ಲೆಕ್ಕ ಇಟ್ಟೇ ಬಿಡೋಣ ಎಂದುಕೊಂಡೆ. 'ಆಮೇಲೆ' ಅಂದಾಗಲೆಲ್ಲ ಒಂದು ಗೆರೆ. ನಾಲ್ಕು ಗೆರೆಗೆ ಅಡ್ಡಲಾಗಿ ಐದನೆಯದು, ಮಕ್ಕಳಿಗೆ ಎಣಿಕೆ ಕಲಿಸುತ್ತೇವಲ್ಲ ಹಾಗೆ.

ನನ್ನದು ಎರಡನೇ ತರಗತಿ. 34 ಮಕ್ಕಳು, ಎಲ್ಲರೂ ಏಳು ವರ್ಷದ ಆಸುಪಾಸು. ಅರ್ಧಕ್ಕರ್ಧ ಬಾಯಲ್ಲಿ ಮುಂದಿನ ಹಲ್ಲಿಲ್ಲ. 'ಸ' ಹೇಳಿಸಿದರೆ ತರಗತಿಯೆಲ್ಲ ಸೀಟಿ ಹೊಡೆದಂತಾಗುತ್ತದೆ.

ಹಾಜರಿ ಕರೆಯುವುದು ನೋಡಲು ಎರಡು ನಿಮಿಷದ ಕೆಲಸ. ಒಬ್ಬೊಬ್ಬರ ದನಿಯಲ್ಲೂ ಅವತ್ತಿನ ಸುದ್ದಿ ಇರುತ್ತದೆ ಎನ್ನುವುದು ತಿಳಿಯಲು ನನಗೆ ಮೂರ್ನಾಲ್ಕು ವರ್ಷ ಬೇಕಾಯಿತು. ನಿನ್ನೆ ಕಿರುಚಿದವನು ಇವತ್ತು ಗೊಣಗಿದರೆ ಮನೆಯಲ್ಲಿ ಏನೋ ಆಗಿದೆ, ಇಲ್ಲವೇ ಜ್ವರ ಬರುವುದರಲ್ಲಿದೆ. ಪಕ್ಕದವಳು ಎರಡು ದಿನದಿಂದ ಬಂದಿಲ್ಲ ಎಂದರೆ ಅವಳ ಜೊತೆ ಕೂರುವ ಹುಡುಗಿಯ ದನಿಯೂ ಇಳಿದಿರುತ್ತದೆ. ಅದಕ್ಕೇ ನಾನು ಪುಸ್ತಕದಲ್ಲಿ ಗುರುತು ಹಾಕುವ ಮೊದಲು ತಲೆ ಎತ್ತಿ ಮುಖ ನೋಡುತ್ತೇನೆ. ಹಾಜರಿ ಮುಗಿದ ಕೂಡಲೇ ನೀಲಿ ಬ್ಯಾಗಿನವಳ ಕೈ ಮೇಲೆದ್ದಿತು. "ಪಾಠ ಶುರು ಮಾಡೋಣ, ಆಮೇಲೆ ಕೇಳ್ತೀನಿ" ಎಂದೆ. ಎರಡನೇ ಗೆರೆ.

ಮೊದಲ ಪೀರಿಯಡ್ ಓದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನು ಕಲಿತ ಹಾಗೆಯೇ, ಸಾಲಾಗಿ ಒಬ್ಬೊಬ್ಬರನ್ನು ಎಬ್ಬಿಸಿ ಒಂದೊಂದು ಪ್ಯಾರಾ ಓದಿಸುತ್ತಿದ್ದೆ. ಬಹಳ ಶಿಸ್ತಾಗಿ ಕಾಣುತ್ತದೆ ಅದು. ಹೊರಗಿನಿಂದ ಯಾರಾದರೂ ಇಣುಕಿದರೆ ಒಬ್ಬ ನಿಂತು ಓದುತ್ತಿದ್ದಾನೆ, ಉಳಿದವರು ಬೆರಳಿಟ್ಟು ಹಿಂಬಾಲಿಸುತ್ತಿದ್ದಾರೆ. ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಾಗ ನಿಜ ಗೊತ್ತಾಯಿತು. ನನ್ನ ಪಕ್ಕದ ಹುಡುಗಿ ತಲೆಗಳನ್ನು ಎಣಿಸುತ್ತಿದ್ದಳು. ತನಗಿಂತ ಮುಂಚೆ ಎಷ್ಟು ಜನ, ಹಾಗಾದರೆ ತನ್ನ ಪಾಲಿಗೆ ಬರುವ ಪ್ಯಾರಾ ಯಾವುದು ಎಂದು ಲೆಕ್ಕ ಹಾಕಿ, ಆ ನಾಲ್ಕು ಸಾಲನ್ನಷ್ಟೇ ತುಟಿಯಲ್ಲಿ ಉರು ಹೊಡೆಯುತ್ತಿದ್ದಳು. ಅವಳ ಸರದಿ ಮುಗಿದದ್ದೇ ತಡ, ಪುಸ್ತಕದಿಂದ ಕಣ್ಣು ಕಿತ್ತು ಕಿಟಕಿಗೆ ಹಾಕಿದಳು. ಗಣಿತ ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ಲೆಕ್ಕವನ್ನೂ ನೋಡಬೇಕಲ್ಲ: 40 ನಿಮಿಷದ ಪೀರಿಯಡ್ಡು, 34 ಮಕ್ಕಳು, ಒಬ್ಬೊಬ್ಬರಿಗೆ ಒಂದು ನಿಮಿಷ. ಒಂದು ನಿಮಿಷ ಓದುವುದಕ್ಕೆ ಮೂವತ್ತೊಂಬತ್ತು ನಿಮಿಷ ಕಾಯಬೇಕು.

ಈಗ ಜೋಡಿ ಮಾಡಿ ಓದಲು ಬಿಡುತ್ತೇನೆ. ಒಬ್ಬರು ಓದುವುದು, ಇನ್ನೊಬ್ಬರು ಕೇಳುವುದು, ಪುಟ ತಿರುಗಿದ ಮೇಲೆ ಅದಲು ಬದಲು. ಒಟ್ಟಿಗೆ ಹದಿನೇಳು ದನಿ. ತರಗತಿ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಪಕ್ಕದ ತರಗತಿಯವರು ಒಮ್ಮೆ "ನಿಮ್ಮ ಕ್ಲಾಸಲ್ಲಿ ಯಾರೂ ಇಲ್ವೇನೋ ಅಂತ ಬಂದೆ" ಎಂದು ಬಾಗಿಲು ತಳ್ಳಿ ನೋಡಿ ಹೋಗಿದ್ದಾರೆ. ನಾನು ಆ ಗದ್ದಲದ ನಡುವೆ ಬೆಂಚಿನಿಂದ ಬೆಂಚಿಗೆ ಹೋಗಿ ಕಿವಿಗೊಡುತ್ತೇನೆ. ಅವತ್ತು ಒಬ್ಬ 'ಕಾಡಿನಲ್ಲಿ' ಎಂದು ಅಚ್ಚಾಗಿದ್ದ ಕಡೆ ನಿಲ್ಲದೆ 'ಕಾಡಲ್ಲಿ' ಎಂದು ಓದಿಕೊಂಡು ಹೋದ. ಜೊತೆಗಾರ "ತಪ್ಪು, ತಪ್ಪು" ಎಂದು ಹಾರಿಬಿದ್ದ. ತಪ್ಪೇನಲ್ಲ. ಅವನು ಅಕ್ಷರ ಕೂಡಿಸುವುದನ್ನು ದಾಟಿ ಅರ್ಥಕ್ಕೆ ಕೈಹಾಕಿದ್ದಾನೆ, ಪುಸ್ತಕದ ಮಾತನ್ನು ತನ್ನ ಬಾಯಿಯ ಮಾತಾಗಿ ಮಾಡಿಕೊಂಡಿದ್ದಾನೆ. ಮೂರು ತಿಂಗಳ ಹಿಂದೆ ಇದೇ ಹುಡುಗ 'ಕಾ... ಡಿ... ನ... ಲ್ಲಿ' ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಮೇಲೆ ತಲುಪುವಷ್ಟರಲ್ಲಿ ಶುರು ಮಾಡಿದ್ದು ಎಲ್ಲಿಂದ ಎಂಬುದನ್ನೇ ಮರೆಯುತ್ತಿದ್ದ. ಇವತ್ತಿನ ತಪ್ಪು ನನಗೆ ಅವತ್ತಿನ ಸರಿಗಿಂತ ಇಷ್ಟವಾಯಿತು. ಅದನ್ನು ಜೊತೆಗಾರನಿಗೆ ವಿವರಿಸಲು ಹೋಗಿ, ಅರ್ಧಕ್ಕೇ "ಆಮೇಲೆ ಹೇಳ್ತೀನಿ" ಎಂದೆ. ಏಕೆಂದರೆ ಡಸ್ಟ್‌ಬಿನ್ ಹತ್ತಿರ ಜಗಳ ಶುರುವಾಗಿತ್ತು.

ಡಸ್ಟ್‌ಬಿನ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ತರಗತಿಯ ಅರಳಿಕಟ್ಟೆ ಎಂದರೆ ಅದೇ. ಪೆನ್ಸಿಲ್ ಚೂಪು ಮಾಡಲು ಅಲ್ಲಿಗೇ ಹೋಗಬೇಕು ಎಂದು ನಿಯಮ ಮಾಡಿದವಳು ನಾನು, ನೆಲ ಗಲೀಜಾಗದಿರಲಿ ಎಂದು. ಮಕ್ಕಳು ಅದನ್ನು ಬೇರೆಯದೇ ಅರ್ಥದಲ್ಲಿ ಜಾರಿಗೆ ತಂದರು. ಬೇರೆ ಬೇರೆ ಸಾಲಿನಲ್ಲಿ ಕೂತ ಇಬ್ಬರು ಗೆಳೆಯರ ಪೆನ್ಸಿಲ್ ಮೊನೆ ಒಂದೇ ಗಳಿಗೆಯಲ್ಲಿ ಮುರಿಯುತ್ತದೆ. ಇಬ್ಬರೂ ಗಂಭೀರವಾಗಿ ಎದ್ದು ಬರುತ್ತಾರೆ. ಮೆಂಡರ್ ತಿರುಗುತ್ತದೆ, ಸಿಪ್ಪೆ ಉದ್ದಕ್ಕೆ ಹೂವಿನ ದಳದ ಹಾಗೆ ಸುತ್ತಿಕೊಂಡು ಬರುತ್ತದೆ, ಯಾರದು ತುಂಡಾಗದೆ ಹೆಚ್ಚು ಉದ್ದ ಬಂತು ಎಂದು ಪಿಸುಮಾತಿನಲ್ಲಿ ಪಂದ್ಯ ನಡೆಯುತ್ತದೆ. ವಾರಕ್ಕೊಂದು ಪೆನ್ಸಿಲ್ ಹೆಬ್ಬೆರಳಿನಷ್ಟಾಗುವುದು ಬರೆದದ್ದರಿಂದಲ್ಲ. ಅವತ್ತಿನ ಜಗಳ ಸಿಪ್ಪೆಯದೇ: ಒಬ್ಬನ ಉದ್ದನೆಯ ಸಿಪ್ಪೆಯನ್ನು ಇನ್ನೊಬ್ಬ ಊದಿಬಿಟ್ಟಿದ್ದ. ನಿಯಮ ತೆಗೆದುಹಾಕಬಹುದು. ಆದರೆ ದಿನವಿಡೀ ಬೆಂಚಿಗೆ ಅಂಟಿಕೊಂಡಿರುವ ಏಳು ವರ್ಷದ ಕಾಲುಗಳಿಗೆ ಎದ್ದು ನಡೆಯಲು ಒಂದು ಗೌರವದ ಕಾರಣ ಬೇಕಲ್ಲ. ಕಂಡೂ ಕಾಣದ ಹಾಗೆ ಇದ್ದೇನೆ.

ಅಮೆರಿಕದ ಫಿಲಿಪ್ ಜ್ಯಾಕ್ಸನ್ ಎಂಬ ಶಿಕ್ಷಣ ತಜ್ಞ ಪ್ರಾಥಮಿಕ ತರಗತಿಗಳ ಮೂಲೆಯಲ್ಲಿ ಕೂತು ನೋಡಿದ್ದನ್ನು 1968ರಲ್ಲಿ ಪ್ರಕಟಿಸಿದ. ಟೀಚರ್ ಒಬ್ಬರು ಒಂದು ದಿನದಲ್ಲಿ ಮಕ್ಕಳೊಂದಿಗೆ ಸುಮಾರು 1000 ಸಲ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಮಾಡಬಹುದು ಎನ್ನುವುದು ಅವನ ಲೆಕ್ಕ. ಒಂದು ಪ್ರಶ್ನೆ, ಒಂದು ಗದರಿಕೆ, ಒಂದು ತಲೆಯಾಡಿಸುವಿಕೆ, "ಒಂದಕ್ಕೆ ಹೋಗ್ಲಾ ಟೀಚರ್" ಎಂದು ಕಿರುಬೆರಳು ಎತ್ತಿದವನಿಗೊಂದು "ಹೂಂ" — ಎಲ್ಲಾ ಸೇರಿ. ಐದು ಗಂಟೆಯ ಶಾಲೆ ಎಂದರೆ 300 ನಿಮಿಷ. ಅಂದರೆ ಹದಿನೆಂಟು ಸೆಕೆಂಡಿಗೊಂದು. ಇದನ್ನು ಮೊದಲ ಸಲ ಓದಿದಾಗ, ಸಂಜೆ ಮನೆಗೆ ಹೋಗಿ ಯಾರ ಜೊತೆಗೂ ಮಾತು ಬೇಡ ಎನಿಸುವುದು ನನ್ನ ಸ್ವಭಾವದ ದೋಷವೇನಲ್ಲ ಎಂದು ನೆಮ್ಮದಿಯಾಗಿತ್ತು. ಅದೇ ಜ್ಯಾಕ್ಸನ್ ಇನ್ನೊಂದನ್ನೂ ಗಮನಿಸಿದ್ದ, ಅದು ನನ್ನ ಕಣ್ಣಿಗೆ ತಡವಾಗಿ ಬಿತ್ತು. ಮಕ್ಕಳು ಶಾಲೆಯಲ್ಲಿ ಮಾಡುವ ಕೆಲಸದಲ್ಲಿ ಬಹಳಷ್ಟು ಕಾಯುವುದೇ. ಸಾಲಿನಲ್ಲಿ ಕಾಯುವುದು, ಕೈ ಎತ್ತಿ ಕಾಯುವುದು, ಬೇಗ ಮುಗಿಸಿದವರು ನಿಧಾನದವರಿಗೆ ಕಾಯುವುದು. ಸಾವಿರ ಮಾತುಕತೆಯನ್ನು ಮೂವತ್ತನಾಲ್ಕು ಜನರಿಗೆ ಹಂಚಿದರೆ ಒಬ್ಬರ ಪಾಲಿಗೆ ಮೂವತ್ತೂ ಬರುವುದಿಲ್ಲ. ಜೋರು ಬಾಯಿಯವರು ಅದರಲ್ಲೂ ಹೆಚ್ಚು ಬಾಚಿಕೊಳ್ಳುತ್ತಾರೆ.

ಮೂರನೇ ಪೀರಿಯಡ್ ಗಣಿತ. ಅಷ್ಟು ಹೊತ್ತಿಗೆ ಡೈರಿಯಲ್ಲಿ ಹನ್ನೊಂದು ಗೆರೆ.

ಅವತ್ತು ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆದೆ:

8 + 4 = □ + 5

ಚೌಕದಲ್ಲಿ ಏನು ಬರಬೇಕು? ಕೈಗಳು ಕಾಡಿನ ಹಾಗೆ ಎದ್ದವು. "ಹನ್ನೆರಡು!" "ಹನ್ನೆರಡು ಟೀಚರ್!" ಹಿಂದಿನ ಬೆಂಚಿನಿಂದ ಒಬ್ಬಳು ಸ್ವಲ್ಪ ಹೆಮ್ಮೆಯಿಂದ "ಹದಿನೇಳು" ಎಂದಳು, ಕಣ್ಣಿಗೆ ಬಿದ್ದ ಎಲ್ಲವನ್ನೂ ಕೂಡಿಸಿ. ಈ ಲೆಕ್ಕ ನಾನು ಕಟ್ಟಿದ್ದಲ್ಲ. ಅಮೆರಿಕದ ಗಣಿತ ಶಿಕ್ಷಣದ ಸಂಶೋಧಕರು ಇದನ್ನೇ ಆರನೇ ತರಗತಿಯ 145 ಮಕ್ಕಳ ಮುಂದಿಟ್ಟಿದ್ದರು. 1999ರಲ್ಲಿ ಅದರ ವರದಿ ಬಂತು. ಆ 145 ಮಕ್ಕಳಲ್ಲಿ ಒಬ್ಬರೂ 7 ಎನ್ನಲಿಲ್ಲ. ಎಲ್ಲರೂ ಹನ್ನೆರಡು ಇಲ್ಲವೇ ಹದಿನೇಳು. ಆರನೇ ತರಗತಿಯವರು! ಕೂಡುವುದು ಬಾರದ ಮಕ್ಕಳೇನಲ್ಲ ಅವರು. ಅವರ ಪಾಲಿಗೆ '=' ಎಂದರೆ 'ಉತ್ತರ ಇಲ್ಲಿ ಬರೆ' ಎಂಬ ಆಜ್ಞೆ, ಅಷ್ಟೇ. ಹಾಗೆ ಮಾಡಿದ್ದು ನಾವೇ. ಒಂದನೇ ತರಗತಿಯಿಂದ ಪುಸ್ತಕದಲ್ಲಿ ಖಾಲಿ ಚೌಕ ಹೆಚ್ಚಾಗಿ ಬಲಗಡೆಯ ತುದಿಯಲ್ಲೇ ಇರುತ್ತದೆ. ನಾವೂ ಬಾಯಲ್ಲಿ "ಎಂಟಕ್ಕೆ ನಾಲ್ಕು ಕೂಡಿಸಿದ್ರೆ ಎಷ್ಟಾಯ್ತು?" ಎನ್ನುತ್ತೇವೆ. 'ಎಷ್ಟಾಯ್ತು' ಬೇರೆ, 'ಸಮ' ಬೇರೆ.

ಆ ಗುರುತಿನ ಹುಟ್ಟು ನನಗೆ ತುಂಬಾ ಇಷ್ಟವಾದ ಕಥೆ. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್‌ನ ವೈದ್ಯ ಬೀಜಗಣಿತದ ಪುಸ್ತಕ ಬರೆಯುತ್ತಿದ್ದ. ಪ್ರತಿ ಸಾಲಿನಲ್ಲೂ 'ಇದಕ್ಕೆ ಸಮ', 'ಇದಕ್ಕೆ ಸಮ' ಎಂದು ಬರೆದು ಬರೆದು ಬೇಸತ್ತು, ಅದರ ಬದಲು ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಎಳೆದ. ಇವೆರಡಕ್ಕಿಂತ ಹೆಚ್ಚು ಸಮವಾದ ಎರಡು ವಸ್ತು ಇರಲಾರದು ಎಂಬುದು ಅವನ ಸಮರ್ಥನೆ. ಅವನ ಗೆರೆಗಳು ಈಗಿನದಕ್ಕಿಂತ ಬಹಳ ಉದ್ದ ಇದ್ದವು. ಇದನ್ನು ಮಕ್ಕಳಿಗೆ ಹೇಳಿದರೆ "ಅವರ ಟೀಚರ್ ಬೈಯ್ಲಿಲ್ವಾ?" ಎಂದು ಕೇಳಿದರು. ಬರೆಯಲು ಸೋಮಾರಿತನ ಮಾಡಿದ್ದಕ್ಕೆ.

ಕಿಟಕಿ ಪಕ್ಕ ಒಬ್ಬ ಹುಡುಗ ಕೂರುತ್ತಾನೆ. ವರ್ಷದ ಮೊದಲ ಎರಡು ತಿಂಗಳು ಅವನ ದನಿ ನಾನು ಕೇಳಿದ್ದು ಹಾಜರಿಯಲ್ಲಿ ಮಾತ್ರ. ಪ್ರಶ್ನೆ ಕೇಳಿದರೆ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತಾ ಕೆಳಗೆ ನೋಡುತ್ತಿದ್ದ. ನಾನು "ಪರ್ವಾಗಿಲ್ಲ, ಕೂತ್ಕೋ" ಎಂದು ಮುಂದಿನವರನ್ನು ಕೇಳುತ್ತಿದ್ದೆ. ಅದು ದಯೆ ಎಂದೇ ಅಂದುಕೊಂಡಿದ್ದೆ. ಅವತ್ತು ಅವನ ಕಡೆ ನೋಡಿದರೆ ಅವನು ಬೋರ್ಡನ್ನೇ ದಿಟ್ಟಿಸುತ್ತಿದ್ದ. ತುಟಿ ಅಲುಗುತ್ತಿತ್ತು. ಹೆಸರು ಹಿಡಿದು "ನೀನು ಏನಂತೀಯಾ?" ಎಂದೆ.

ಒಂದು. ಮುಂದಿನ ಬೆಂಚಿನವರ ಕೈಗಳು ನನ್ನ ಮೂಗಿನವರೆಗೆ ಬಂದವು.

ಎರಡು. ಯಾರೋ "ಟೀಚರ್ ನಾನು, ನಾನು" ಎಂದು ಬೆಂಚಿನಿಂದ ಅರ್ಧ ಎದ್ದರು. ನನ್ನ ನಾಲಿಗೆಯ ತುದಿಗೆ "ಪರ್ವಾಗಿಲ್ಲ" ಬಂದಿತ್ತು. ನುಂಗಿಕೊಂಡೆ.

ಮೂರು. ಅವನು ಕೈಬೆರಳನ್ನು ಬೆಂಚಿನ ಕೆಳಗೆ ಮಡಚುತ್ತಿದ್ದಾನೆ.

ನಾಲ್ಕು, ಐದು. ತರಗತಿಯಲ್ಲಿ ಐದು ಸೆಕೆಂಡು ಎಂದರೆ ಎಷ್ಟು ಉದ್ದ ಎಂದು ಅಲ್ಲಿ ನಿಂತವರಿಗೇ ಗೊತ್ತು.

"ಏಳು" ಎಂದ. ತರಗತಿ ಹೋ ಎಂದು ನಕ್ಕಿತು. ನಾನು "ಯಾಕೆ ಏಳು?" ಎಂದೆ. ಮತ್ತೆ ಮೌನ. ಆಮೇಲೆ ಬಿಟ್ಟು ಬಿಟ್ಟು ಹೇಳಿದ: "ಈ ಕಡೆ ಹನ್ನೆರಡಿದೆ. ಆ ಕಡೆ ಐದು ಆಗ್ಲೇ ಬಂದು ಕೂತಿದೆ. ಇನ್ನು ಏಳು ಜನ ಬರ್ಬೇಕು."

ಬಂದು ಕೂತಿದೆಯಂತೆ. ಹದಿನೈದು ವರ್ಷ ಗಣಿತ ಕಲಿಸಿ ನನಗೆ ಹೊಳೆಯದ ಮಾತು. ಅವನಿಗೆ '=' ಎರಡು ಬೆಂಚುಗಳ ನಡುವಿನ ದಾರಿಯ ಹಾಗೆ ಕಂಡಿತ್ತು. ಆ ಕಡೆ ಇಷ್ಟು ಜನ, ಈ ಕಡೆಯೂ ಅಷ್ಟೇ ಜನ. ಕೂಡಲೇ ನಿಜವಾಗಿಯೇ ಮಕ್ಕಳನ್ನು ಎಬ್ಬಿಸಿ ಎಡಕ್ಕೆ ಎಂಟು ಮತ್ತು ನಾಲ್ಕು, ಬಲಕ್ಕೆ ಐದು ಜನರನ್ನು ನಿಲ್ಲಿಸಿದೆ. ಬಲಗಡೆಗೆ ಒಬ್ಬೊಬ್ಬರೇ ಸೇರುತ್ತಾ ಹೋದರು. ಏಳನೆಯವಳು ಸೇರಿದಾಗ ಹದಿನೇಳು ಎಂದಿದ್ದ ಹುಡುಗಿಯೇ "ಸಾಕು, ಸಾಕು, ನಿಲ್ಸಿ" ಎಂದು ಕೂಗಿದಳು.

ಆ ಐದು ಸೆಕೆಂಡು ನನಗೆ ತಾನಾಗಿ ಬಂದದ್ದಲ್ಲ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ಪ್ರಾಥಮಿಕ ತರಗತಿಗಳ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಅಳೆದು ನೋಡಿದಳು. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನು ತಿರುಗಿಸಿ ಕೇಳುವುದು, ಇನ್ನೊಬ್ಬರನ್ನು ಕರೆಯುವುದು, ಇಲ್ಲವೇ ತಾವೇ ಹೇಳಿಬಿಡುವುದು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವುದು ಮತ್ತು 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಯಿತು, ನಿಧಾನದವರು ಎನಿಸಿಕೊಂಡ ಮಕ್ಕಳೂ ಬಾಯಿ ಬಿಟ್ಟರು. ಪಾಠಯೋಜನೆ ಬೇಡ, ಚಾರ್ಟು ಬೇಡ, ಖರ್ಚಿಲ್ಲ. ಸುಮ್ಮನಿದ್ದರೆ ಸಾಕು. ನನ್ನ ಮಟ್ಟಿಗೆ ಇಡೀ ವೃತ್ತಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮೌನ ಬಿದ್ದ ಕೂಡಲೇ ಪಾಠ ಕೈತಪ್ಪಿ ಹೋಗುತ್ತಿದೆ ಎಂಬ ದಿಗಿಲು ಹುಟ್ಟುತ್ತದೆ. ಎಂಟು ಕೈ ಎದುರಿಗೇ ಎದ್ದು ನಿಂತಿರುವಾಗ ಎತ್ತದ ಕೈಗೆ ಕಾಯುವುದು ಅನ್ಯಾಯ ಅಂತಲೂ ಅನಿಸುತ್ತದೆ.

ಆ ಎಂಟು ಕೈಗಳಲ್ಲಿ ಒಂದು ನೀಲಿ ಬ್ಯಾಗಿನವಳದ್ದು. ಅದು ಲೆಕ್ಕಕ್ಕೆ ಎತ್ತಿದ ಕೈ ಅಲ್ಲ ಎಂದು ನನಗೆ ಗೊತ್ತಿತ್ತು. ಉತ್ತರದ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡುತ್ತದೆ. ಹೇಳಬೇಕಾದ್ದು ಇದ್ದವರ ಕೈ ಮೊಣಕೈಯನ್ನು ಇನ್ನೊಂದು ಅಂಗೈ ಮೇಲೆ ಊರಿಕೊಂಡು ನೆಟ್ಟಗೆ ನಿಂತಿರುತ್ತದೆ. ಬಹಳ ಹೊತ್ತು ಎತ್ತಿಕೊಂಡೇ ಇರಬೇಕಾಗುತ್ತದೆ ಎಂದು ಆ ಕೈಗೆ ಗೊತ್ತಿರುತ್ತದೆ. ಅವಳ ಕಣ್ಣಿಗೆ ಕಣ್ಣು ಸೇರಿಸಿ, ತುಟಿಯಲ್ಲಿ ಮಾತ್ರ "ಆಮೇಲೆ" ಎಂದೆ. ಅವಳು ತಲೆಯಾಡಿಸಿ ಕೈ ಇಳಿಸಿದಳು.

ಊಟದ ಬಿಡುವಿನ ಬಗ್ಗೆ ಬರೆಯುವುದೇನೂ ಇಲ್ಲ. ಗಲಾಟೆ, ಚೆಲ್ಲಿದ ನೀರು, ಮುಚ್ಚಳ ತೆರೆಯದ ಡಬ್ಬಿಗಳು. ಡಬ್ಬಿ ತೆರೆಯುವುದರಲ್ಲಿ ನನ್ನ ಅರ್ಧ ಊಟ ಮುಗಿಯುತ್ತದೆ.

ಊಟದ ನಂತರದ ತರಗತಿ ಬೇರೆಯದೇ ಪ್ರಾಣಿ. ಮೈದಾನದ ಬಿಸಿ ಇನ್ನೂ ಮೈಯಲ್ಲಿ ಇರುತ್ತದೆ, ಅಲ್ಲಿ ಅರ್ಧಕ್ಕೆ ನಿಂತ ವ್ಯಾಜ್ಯಗಳೆಲ್ಲ ನನ್ನ ಮೇಜಿನ ಮುಂದೆ ವಿಚಾರಣೆಗೆ ಬರುತ್ತವೆ. "ಟೀಚರ್, ಇವ್ನು ನನ್ನ ರಬ್ಬರ್ ತಗೊಂಡ." "ಟೀಚರ್, ಇವ್ಳು ನನ್ನ ಜೊತೆ ಟೂ ಬಿಟ್ಟಿದಾಳೆ." "ಟೀಚರ್, ಅವ್ನು ನನ್ನನ್ನೇ ನೋಡ್ತಿದಾನೆ." ಕೊನೆಯದಕ್ಕೆ ಯಾವ ಸೆಕ್ಷನ್ ಹಾಕುವುದೋ ತಿಳಿಯದು. ನೋಡುತ್ತಿರುವವನನ್ನು ಕೇಳಿದರೆ "ಅವ್ಳು ನನ್ನ ನೋಡಿದ್ದಕ್ಕೇ ತಾನೆ ನಾನು ನೋಡ್ತಿರೋದು ಗೊತ್ತಾಗಿದ್ದು" ಎಂದ. ಅದಕ್ಕೆ ನನ್ನ ಬಳಿ ಮರುವಾದ ಇರಲಿಲ್ಲ.

ಹೊಸದರಲ್ಲಿ ನಾನು ಜೋರಾಗಿ ಗದರುತ್ತಿದ್ದೆ. ಆ ಕ್ಷಣಕ್ಕೆ ತರಗತಿ ತಣ್ಣಗಾಗುತ್ತಿತ್ತು, ಎರಡು ನಿಮಿಷಕ್ಕೆ ಮತ್ತೆ ಅದೇ. ಜೇಕಬ್ ಕೌನಿನ್ ಎಂಬ ಮನಃಶಾಸ್ತ್ರದ ಮೇಷ್ಟ್ರಿಗೆ ಕಾಲೇಜಿನಲ್ಲೇ ಹೀಗೊಂದು ಪ್ರಸಂಗ ಎದುರಾಯಿತು. ಪಾಠದ ನಡುವೆ ಪತ್ರಿಕೆ ಓದುತ್ತಿದ್ದ ಒಬ್ಬನನ್ನು ಗದರಿದರೆ, ಏನೂ ಮಾಡದ ಉಳಿದವರೂ ಮುದುರಿಕೊಂಡು ಪುಸ್ತಕಕ್ಕೆ ಕಣ್ಣು ಹಾಕಿದರು. ಗದರಿಕೆ ಅಲೆಯ ಹಾಗೆ ಹರಡುವುದು ನೋಡಿ ಅವನಿಗೆ ಕುತೂಹಲ ಹುಟ್ಟಿತು. ಹೇಗೆ ಗದರಿದರೆ ತರಗತಿ ಹಿಡಿತಕ್ಕೆ ಬರುತ್ತದೆ ಎಂದು ಪತ್ತೆ ಮಾಡಲು ವರ್ಷಗಟ್ಟಲೆ ತರಗತಿಗಳನ್ನು ವೀಡಿಯೊ ಮಾಡಿ ನೋಡಿದ. 1970ರಲ್ಲಿ ಅವನು ಬರೆದ ತೀರ್ಮಾನ ಸ್ವಲ್ಪ ತಮಾಷೆಯದು: ಗದರುವ ರೀತಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ವ್ಯತ್ಯಾಸ ಇರುವುದು ಗಲಾಟೆಗೆ ಮುಂಚಿನ ಹೊತ್ತಿನಲ್ಲಿ. ಬೋರ್ಡಿನ ಮೇಲೆ ಬರೆಯುತ್ತಲೇ ಹಿಂದಿನ ಬೆಂಚಿನಲ್ಲಿ ಏನಾಗುತ್ತಿದೆ ಎಂದು ಬಲ್ಲವರ, ಒಬ್ಬನ ನೋಟ್‌ಬುಕ್ ನೋಡುತ್ತಲೇ ಇನ್ನೊಬ್ಬನಿಗೆ ಕಣ್ಸನ್ನೆ ಮಾಡಬಲ್ಲವರ ತರಗತಿ ಸುಸೂತ್ರವಾಗಿ ನಡೆಯುತ್ತದೆ. ನಮ್ಮ ಮಕ್ಕಳ ಭಾಷೆಯಲ್ಲಿ 'ಟೀಚರ್‌ಗೆ ಬೆನ್ನಲ್ಲೂ ಕಣ್ಣಿದೆ'. ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಬೋರ್ಡಿನ ಪಕ್ಕದ ಕಪಾಟಿನ ಗಾಜಿನಲ್ಲಿ ಇಡೀ ತರಗತಿ ಕಾಣಿಸುತ್ತದೆ ಎನ್ನುವುದು ಇಲ್ಲಿಯವರೆಗೆ ಗುಟ್ಟಾಗಿಯೇ ಉಳಿದಿದೆ.

ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಚಿತ್ರ ಬಿಡಿಸುತ್ತಿದ್ದಾಗ ಉಳಿದ ಹದಿನಾರು ನೋಟ್‌ಬುಕ್ ತಿದ್ದಲು ಕೂತೆ (ಹಾಜರಿ ಪುಸ್ತಕದ ಕೆಳಗೇ ಇದ್ದವು). ಚೆನ್ನಾಗಿ ಬರೆದವರಿಗೆ ಮೊದಲೆಲ್ಲ ಸ್ಟಾರ್ ಹಾಕುತ್ತಿದ್ದೆ. ಹಾಕಿಸಿಕೊಳ್ಳಲು ಸಾಲು ನಿಲ್ಲುತ್ತಿತ್ತು. ಚಿತ್ರಕ್ಕೆ ಮಾತ್ರ ಹಾಕುವುದನ್ನು ನಿಲ್ಲಿಸಿದ್ದೇನೆ. 1973ರಲ್ಲಿ ಮೂವರು ಮನಃಶಾಸ್ತ್ರಜ್ಞರು ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ಪುಟಾಣಿಗಳನ್ನು ಆರಿಸಿ, ಕೆಲವರಿಗೆ ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ ಅದೇ ಮಕ್ಕಳು ತಾವಾಗಿ ಪೆನ್ನು ಹಿಡಿಯುವುದು ಕಡಿಮೆಯಾಗಿತ್ತು. ಬಹುಮಾನದ ಆಸೆ ತೋರಿಸದೆ ಬಿಟ್ಟವರು ಮೊದಲಿನಂತೆಯೇ ಬಿಡಿಸುತ್ತಿದ್ದರು. ನನ್ನ ತರಗತಿಯಲ್ಲಿ ಸ್ಟಾರ್ ನಿಂತ ಮೇಲೆ ಒಂದು ವಾರ ಅಸಮಾಧಾನ ಇತ್ತು. ಈಗ ಚಿತ್ರ ತಂದು ತೋರಿಸುವವರು ಕಡಿಮೆ, ಬಿಡಿಸುವವರು ಹೆಚ್ಚು. ಕಾಪಿ ಬರೆಯುವ ಪುಸ್ತಕಕ್ಕೆ ಇನ್ನೂ ಹಾಕುತ್ತೇನೆ. ಅದನ್ನು ಯಾರೂ ಪ್ರಾಣ ಬಿಟ್ಟು ಬರೆಯುವುದಿಲ್ಲ, ಕಳೆದುಕೊಳ್ಳುವುದೇನೂ ಇಲ್ಲ.

ತಿದ್ದುತ್ತಿದ್ದ ಪುಸ್ತಕದಲ್ಲಿ ಒಬ್ಬ 3ನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆದಿದ್ದ. ಕರೆದು ತೋರಿಸಿದೆ. ಅವನು ಪುಸ್ತಕವನ್ನು ತಿರುಗಿಸಿ, ಮೇಲೆ ಕೆಳಗೆ ಮಾಡಿ, "ಇಲ್ಲಿಂದ ನೋಡಿದ್ರೂ ಮೂರೇ ಅಲ್ವಾ ಟೀಚರ್?" ಎಂದ. ಅವನ ಅನುಮಾನ ನ್ಯಾಯವಾದದ್ದೇ. ಎಡಕ್ಕೆ ಮುಖ ಮಾಡಿದರೂ ಬೆಕ್ಕು ಬೆಕ್ಕೇ, ಬಲಕ್ಕೆ ಮಾಡಿದರೂ ಬೆಕ್ಕೇ. ಹುಟ್ಟಿದಾಗಿನಿಂದ ಕಣ್ಣು ಕಲಿತ ಪಾಠ ಅದು. ದಿಕ್ಕು ಬದಲಾದರೆ ವಸ್ತುವೇ ಬೇರೆಯಾಗುತ್ತದೆ ಎನ್ನುವ ವಿಚಿತ್ರ ಕಾನೂನು ಅಕ್ಷರ ಮತ್ತು ಅಂಕಿಗಳ ಲೋಕದಲ್ಲಿ ಮಾತ್ರ ಇದೆ, ಆ ಲೋಕಕ್ಕೆ ಅವನು ಬಂದು ಎರಡೇ ವರ್ಷವಾಗಿದೆ. ಪಕ್ಕದಲ್ಲಿ ಒಂದು ನೆಟ್ಟಗಿನ 3 ಬರೆದುಕೊಟ್ಟೆ. ಕೆಂಪು ಗೆರೆ ಎಳೆಯಲಿಲ್ಲ.

ಆ ಹೊತ್ತಿಗೆ ಡೈರಿಯ ಕೊನೆಯ ಪುಟದಲ್ಲಿ ಇಪ್ಪತ್ತಾರು ಗೆರೆ. ಊಟದ ನಂತರ ಒಂದಷ್ಟು ಹಾಕಲು ಮರೆತಿದ್ದೂ ಉಂಟು. ಒಂದು ಗೆರೆಗೆ ಒಬ್ಬರ ಮುಖ ಎಂದು ನೆನಪಿಸಿಕೊಳ್ಳಲು ಹೋದೆ. ಹಲ್ಲು ಅಲ್ಲಾಡುತ್ತಿದ್ದವಳದು ನೆನಪಿಗೆ ಬಂತು, 'ಕಾಡಲ್ಲಿ' ಹುಡುಗನ ಜೊತೆಗಾರನದು ಬಂತು. ಅವನಿಗೆ ವಿವರಿಸುವುದು ಹಾಗೇ ಉಳಿದಿತ್ತು. ಹತ್ತು ಹನ್ನೆರಡರ ಮೇಲೆ ಹೋಗಲಿಲ್ಲ. ಉಳಿದವು ಯಾರಿಗೆ ಹೇಳಿದ್ದು, ಅವರು ಏನು ಕೇಳಲು ಬಂದಿದ್ದರು, ಒಂದೂ ಗೊತ್ತಿಲ್ಲ. ಒಂದು ಮುಖ ಮಾತ್ರ ನಾಲ್ಕು ಗೆರೆಗೆ ಸೇರಿತ್ತು.

ಕೊನೆಯ ಬೆಲ್ ಹೊಡೆದ ಮೇಲೆ ಮುಂದಿನ ಹತ್ತು ನಿಮಿಷ ಬಿರುಗಾಳಿ. ಬೆಂಚಿನ ಕೆಳಗೆ ಉರುಳಿದ ಬಾಟಲಿ, ಒಂದೇ ಕಾಲಿನ ಸಾಕ್ಸು, ಯಾರದೆಂದು ಯಾರೂ ಒಪ್ಪದ ಒಂದು ಮೆಂಡರ್. ಸಾಲು ಕಟ್ಟಿಸಿ ಬಾಗಿಲಲ್ಲಿ ನಿಂತೆ. ಒಬ್ಬೊಬ್ಬರೂ ಹೋಗುವಾಗ ಕೈಗೆ ಕೈ ತಟ್ಟಿ ಹೋಗುವುದು ವಾಡಿಕೆ. ಬೆಳಿಗ್ಗೆ ಹಲ್ಲು ಅಲ್ಲಾಡುತ್ತಿದ್ದವಳು ಕಾಗದದಲ್ಲಿ ಸುತ್ತಿದ ಹಲ್ಲನ್ನು ಬಿಚ್ಚಿ ತೋರಿಸಿ ಹೋದಳು. ಅದು ಯಾವ ಪೀರಿಯಡ್ಡಿನಲ್ಲಿ ಬಿತ್ತೋ. ಕಿಟಕಿ ಪಕ್ಕದ ಹುಡುಗ ಕೈ ತಟ್ಟಿ ಎರಡು ಹೆಜ್ಜೆ ಹೋಗಿ, ತಿರುಗಿ ನೋಡಿ ಹೋದ.

ನೀಲಿ ಬ್ಯಾಗು ಸಾಲಿನ ಕೊನೆಯಲ್ಲಿ ಇತ್ತು. ಅವಳು ಕೈ ತಟ್ಟಲು ಬಂದಾಗ ಆ ಕೈಯನ್ನು ಬಿಡದೆ ಹಿಡಿದುಕೊಂಡು ಮಂಡಿಯೂರಿ ಕೂತೆ. ನಮ್ಮಿಬ್ಬರ ಕಣ್ಣು ಒಂದೇ ಎತ್ತರಕ್ಕೆ ಬಂದವು.

"ಬೆಳಿಗ್ಗೆ ಏನೋ ಹೇಳ್ಬೇಕು ಅಂದ್ಯಲ್ಲ. ಈಗ ಹೇಳು, ನನಗೆ ಬೇರೆ ಏನೂ ಕೆಲಸ ಇಲ್ಲ."

ಅವಳು ನನ್ನನ್ನು ನೋಡಿದಳು. ನಾನು ಸುಮ್ಮನಿದ್ದೆ. ಒಂದು, ಎರಡು, ಮೂರು. ಹೊರಗೆ ಯಾರೋ ಅವಳ ಹೆಸರು ಕೂಗಿದರು. ಅವಳು ಆ ಕಡೆ ತಿರುಗಲಿಲ್ಲ. ನಿಜವಾಗಿಯೂ ಯೋಚಿಸುತ್ತಿದ್ದಳು. ಆಮೇಲೆ ನನ್ನ ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ನನಗೇ ಸಮಾಧಾನ ಹೇಳುವ ದನಿಯಲ್ಲಿ,

"ಅದು ಬೆಳಿಗ್ಗೆದು ಟೀಚರ್" ಎಂದಳು. ಓಡಿದಳು. ಬ್ಯಾಗು ಬೆನ್ನ ಮೇಲೆ ಎಡಕ್ಕೂ ಬಲಕ್ಕೂ ತೊನೆಯುತ್ತಿತ್ತು.